ಹೆಸರುಕಾಳಿನ ಬಾಲ

ನೆನೆಸಿದ ಹೆಸರುಕಾಳನ್ನು ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನ ಬಿಳಿ ಬಾಲ ಹೊರಬಂದಿರುತ್ತದೆ. ಮಕ್ಕಳು ಬಾಲ ಎನ್ನುವ ಅದು ಗಿಡದ ಮೊದಲ ಬೇರು. ನೀರು ಕುಡಿದ ಕಾಳು ಉಬ್ಬುತ್ತದೆ, ಸರಿ. ಆದರೆ ಬೇರು ಮಾತ್ರ ಉಬ್ಬದೆ ಉದ್ದವಾಗುವುದೇಕೆ? ಇಷ್ಟು ವರ್ಷ ಪಲ್ಯ ಮಾಡಿ ತಿಂದ ನಮಗೆ ಈ ಪ್ರಶ್ನೆ ಹೊಳೆದಿರಲಿಕ್ಕಿಲ್ಲ.

ಬೇರಿನ ತುದಿಯಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತವೆ. ತುದಿಯಿಂದ ತುಸು ಮೇಲೆ ಅವು ನೀರು ಹೀರಿ ಹಿಗ್ಗುತ್ತವೆ. ನೀರಿನ ಒತ್ತಡ ಎಲ್ಲ ದಿಕ್ಕಿಗೂ ಒಂದೇ ತಾನೇ? ಹಾಗಾದರೆ ಅವು ಬಲೂನಿನಂತೆ ಗುಂಡಗಾಗಬೇಕಿತ್ತು. ಅದನ್ನು ತಡೆಯುವುದು ಕೋಶದೊಳಗಿನ ಹಂದರ. ಅದರ ಹೆಸರು ಸೈಟೋಸ್ಕೆಲಿಟನ್, ಅಂದರೆ ಕೋಶದ ಎಲುಬುಗೂಡು. ಎಲುಬು ಎಂದಾಕ್ಷಣ ಗಟ್ಟಿ ವಸ್ತುವೆಂದು ತಿಳಿಯಬೇಡಿ. ಇವು ಪ್ರೋಟೀನಿನ ಎಳೆಗಳು. ಬೇಕಾದಾಗ ಕಟ್ಟಿಕೊಳ್ಳುತ್ತವೆ, ಬೇಡವಾದಾಗ ಬಿಚ್ಚಿಕೊಳ್ಳುತ್ತವೆ.

ಇವುಗಳಲ್ಲಿ ಮೈಕ್ರೋಟ್ಯೂಬ್ಯೂಲ್ ಎಂಬ ಕೊಳವೆಗಳು ಕೋಶದ ಗೋಡೆಯ ಒಳಬದಿಗೆ ಅಡ್ಡಡ್ಡವಾಗಿ ಸಾಲುಗಟ್ಟುತ್ತವೆ. ಸುಮಾರು 40,000 ಕೊಳವೆಗಳನ್ನು ಒತ್ತಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಆದೀತು! ಗೋಡೆಗೆ ಸೆಲ್ಯುಲೋಸ್ ನಾರು ನೇಯುವ ಕಿಣ್ವಗಳು ಇವುಗಳ ಜಾಡು ಹಿಡಿದೇ ಸಾಗುತ್ತವೆ. ಹಾಗಾಗಿ ನಾರುಗಳು ಮರದ ಪೀಪಾಯಿಗೆ ಹಾಕಿದ ಕಬ್ಬಿಣದ ಪಟ್ಟಿಯಂತೆ ಕೋಶವನ್ನು ಸುತ್ತುತ್ತವೆ. ಅಗಲವಾಗಲು ಬಿಡುವುದಿಲ್ಲ, ಉದ್ದಕ್ಕೆ ಮಾತ್ರ ದಾರಿ. ಲೆಡ್‌ಬೆಟರ್ ಮತ್ತು ಪೋರ್ಟರ್ ಎಂಬ ವಿಜ್ಞಾನಿಗಳು ಸಸ್ಯಕೋಶದ ಈ ಕೊಳವೆಗಳನ್ನು 1963ರಲ್ಲೇ ವರ್ಣಿಸಿದ್ದರು. ಕಿಣ್ವಗಳು ಅವುಗಳ ಜಾಡಿನಲ್ಲಿ ಚಲಿಸುವುದನ್ನು ಜೀವಂತ ಗಿಡದಲ್ಲಿ ತೋರಿಸಿಕೊಡಲು 2006 ಬರಬೇಕಾಯಿತು.

ಕೊಳವೆಗಳು ಕಳಚಿಬಿದ್ದರೆ? ಕಾಲ್ಚಿಸಿನ್ ಎಂಬ ರಾಸಾಯನಿಕ ತಗುಲಿದ ಬೇರಿನ ತುದಿ ಉದ್ದವಾಗದೆ ಗದೆಯಂತೆ ಊದಿಕೊಳ್ಳುತ್ತದೆ. ಈರುಳ್ಳಿ ಹೊಲಕ್ಕೆ ಹೊಡೆಯುವ ಪೆಂಡಿಮೆಥಾಲಿನ್ ಎಂಬ ಕಳೆನಾಶಕವೂ ಕಳೆಯ ಬೇರಿಗೆ ಇದೇ ಗತಿ ಕಾಣಿಸುತ್ತದೆ.

ಈ ಕಾಲ್ಚಿಸಿನ್ ದೂರದ ವಸ್ತುವೇನಲ್ಲ. ಬೇಲಿಗೆ ಹಬ್ಬಿ, ಬೆಂಕಿಯ ನಾಲಿಗೆಯಂತೆ ಕೆಂಪು ಹಳದಿ ಹೂ ಬಿಡುವ ಅಗ್ನಿಶಿಖೆ ಬಳ್ಳಿಯಲ್ಲಿ ಅದಿದೆ. ಅದರ ಗಡ್ಡೆಯನ್ನು ಗೆಣಸೆಂದು ತಿಂದು ಸತ್ತವರಿದ್ದಾರೆ. ಅದೇ ಕೊಳವೆಗಳು ನಮ್ಮ ಜೀವಕೋಶಗಳಲ್ಲೂ ಇವೆಯಲ್ಲ! ಗಿಡದ ಕೊಳವೆ ಕಳಚಲು ಹೆಚ್ಚು ಕಾಲ್ಚಿಸಿನ್ ಬೇಕು, ನಮ್ಮದಕ್ಕೆ ಅಲ್ಪವೇ ಸಾಕು. ವೈದ್ಯರು ಗೌಟ್ ಎಂಬ ಕೀಲುನೋವಿಗೆ ಇದನ್ನು ಅಳೆದು ಕೊಡುತ್ತಾರೆ, ಅದು ಬೇರೆ ಮಾತು. ಗಡ್ಡೆ ತಿಂದ ಕೂಡಲೇ ಏನೂ ಕಾಣಿಸದೆ ಇರಬಹುದು. ಕೆಲವು ಗಂಟೆಗಳ ನಂತರ ವಾಂತಿ, ಭೇದಿ ಶುರುವಾಗುತ್ತದೆ. ಆದ್ದರಿಂದ ಮಗು ತಿಂದಿದೆ ಎಂಬ ಸಂಶಯ ಬಂದರೂ ಸಾಕು, ಮನೆಮದ್ದು ಮಾಡುತ್ತಾ ಕೂರಬೇಡಿ. ಗಡ್ಡೆಯ ಒಂದು ತುಂಡನ್ನೂ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೊರಡಿ.