ಬಿಟ್ಟುಕೊಡುವ ಹಕ್ಕು ಯಾರದು?

ಚೆಂಡು ಕುಳಿಯಿಂದ ಒಂದು ಗೇಣು ದೂರದಲ್ಲಿ ನಿಂತಿದೆ. ಜೊತೆಗಾರ 'ಆಯ್ತು ಸರ್, ಎತ್ಕೊಳ್ಳಿ' ಅನ್ನುತ್ತಾನೆ. ಆಡುವವನು ಎತ್ತಿಕೊಂಡು ಮುಂದಿನ ಟೀ ಕಡೆ ನಡೆಯುತ್ತಾನೆ. ಹೈದರಾಬಾದಿನಲ್ಲಿ ಭಾನುವಾರದ ಸ್ನೇಹದ ಗಾಲ್ಫ್ ಆಟಗಳಲ್ಲಿ ಇದು ದಿನನಿತ್ಯದ ಮಾತು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊಡೆತಗಳನ್ನು ಎಣಿಸಿ ಗೆಲುವನ್ನು ನಿರ್ಧರಿಸುವ ಸ್ಟ್ರೋಕ್ ಪ್ಲೇ ಸ್ಪರ್ಧೆಯಲ್ಲಿ ಹೀಗೆ ಎತ್ತಿಕೊಂಡವನು ಮುಂದಿನ ಟೀಯಲ್ಲಿ ಹೊಡೆಯುವ ಮೊದಲೇ ಹಿಂದಿರುಗಿ ಚೆಂಡನ್ನು ಕುಳಿ ಸೇರಿಸದಿದ್ದರೆ ಸ್ಪರ್ಧೆಯಿಂದಲೇ ಹೊರಗೆ. ಕುಳಿಗಿಷ್ಟು ಅಂಕವೆಂದು ಎಣಿಸುವ ಸ್ಟೇಬಲ್‌ಫರ್ಡ್ ಆಟವಾದರೆ ಆ ಕುಳಿಗೆ ಅಂಕ ಸೊನ್ನೆ.

ಇಬ್ಬರೇ ಎದುರುಬದುರಾಗಿ ಆಡುವ ಮ್ಯಾಚ್ ಪ್ಲೇಯಲ್ಲಿ ಬಿಟ್ಟುಕೊಡುವ ಹಕ್ಕು ಎದುರಾಳಿಗೆ ಇದೆ, ಏಕೆಂದರೆ ನಷ್ಟವೂ ಅವನದೇ. ಸ್ಟ್ರೋಕ್ ಪ್ಲೇಯಲ್ಲಿ ನಷ್ಟ ಅನುಭವಿಸುವವರು ಮೈದಾನದ ಬೇರೆಬೇರೆ ಮೂಲೆಗಳಲ್ಲಿ ಆಡುತ್ತಿರುವ, ಈ ಮಾತು ಕೇಳಿಸದ ಉಳಿದವರೆಲ್ಲ. ತನ್ನದಲ್ಲದ್ದನ್ನು ದಾನ ಮಾಡಲು ಆ ಜೊತೆಗಾರನಿಗೆ ಯಾವ ಅಧಿಕಾರವೂ ಇಲ್ಲ. ಹವ್ಯಾಸಿ ಗಾಲ್ಫ್‌ನಲ್ಲಿ ನಿಯಮಭಂಗದ ಬಹುದೊಡ್ಡ ಕಾರಣ ಮೋಸ ಅಲ್ಲ, ದಾಕ್ಷಿಣ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ನಿವೃತ್ತ ಹಿರಿಯ ಅಧಿಕಾರಿಯ ಜೊತೆ, ತನ್ನದೇ ಕಂಪನಿಯ ಮೇಲಿನವರ ಜೊತೆ ಆಡುವ ಕಿರಿಯನೊಬ್ಬ ಅವರ ಹೊಡೆತಗಳ ಲೆಕ್ಕ ಬರೆಯುವ ಮಾರ್ಕರ್ ಆಗಿದ್ದಾನೆಂದುಕೊಳ್ಳಿ. 'ಸರ್, ಅದು ಆರಲ್ಲ, ಏಳು' ಎಂದು ಹೇಳಲು ಅವನ ನಾಲಿಗೆ ಏಳುವುದಿಲ್ಲ. ಹೇಳದಿದ್ದರೆ ಸ್ನೇಹ ಉಳಿಯುತ್ತದೆ ಎಂದುಕೊಳ್ಳುತ್ತಾನೆ.

ತಿಳಿಯದೆ ತಪ್ಪುವುದಕ್ಕೂ ತಿಳಿದೂ ಬಿಟ್ಟುಕೊಡುವುದಕ್ಕೂ ಇರುವ ವ್ಯತ್ಯಾಸವನ್ನು ಆಟದ ನಿಯಮಗಳು ಎಷ್ಟು ಚೆನ್ನಾಗಿ ಬಲ್ಲವು ನೋಡಿ. ಬೀಳಬೇಕಾಗಿದ್ದ ದಂಡದ ಹೊಡೆತ ನಿಜವಾಗಿಯೂ ಗೊತ್ತಿಲ್ಲದೆ ಕಾರ್ಡಿನಲ್ಲಿ ಸೇರದೆ ಹೋದರೆ, ಅದು ಬೆಳಕಿಗೆ ಬಂದಾಗ ಆ ಹೊಡೆತಗಳನ್ನು ಸೇರಿಸಲಾಗುತ್ತದೆ. ಆ ಕಾರಣಕ್ಕೆ ಅನರ್ಹತೆ ಇಲ್ಲ. ಆದರೆ ತಮಗೆ ಗೊತ್ತಿರುವ ನಿಯಮವನ್ನೋ ದಂಡವನ್ನೋ ಇಬ್ಬರು ಸೇರಿ 'ಬಿಟ್ಟುಬಿಡೋಣ' ಎಂದು ಒಪ್ಪಿಕೊಂಡರೆ ಇಬ್ಬರೂ ಅನರ್ಹರು. ಅಂದರೆ ಅಜ್ಞಾನಕ್ಕೆ ರಿಯಾಯಿತಿ ಉಂಟು, ಒಳಒಪ್ಪಂದಕ್ಕೆ ಇಲ್ಲ. ನಮ್ಮ ಕ್ಲಬ್ಬುಗಳ ವಾಡಿಕೆ ಇದಕ್ಕೆ ತದ್ವಿರುದ್ಧ: ತಿಳಿಯದೆ ತಪ್ಪಿದ ಹೊಸಬನನ್ನು ಗದರಿಸುತ್ತೇವೆ, ತಿಳಿದೂ ಕಣ್ಣುಮುಚ್ಚಿದವರನ್ನು ದೊಡ್ಡಮನಸ್ಸಿನವರು ಎನ್ನುತ್ತೇವೆ.

ಕ್ರಿಕೆಟ್‌ನಲ್ಲಿ ಬ್ಯಾಟಿಗೆ ಚೆಂಡು ಸವರಿದ್ದು ಗೊತ್ತಿದ್ದರೂ ಅಂಪೈರ್ ಬೆರಳೆತ್ತುವವರೆಗೆ ಕಾಯಬಹುದು. ಗಾಲ್ಫ್‌ನಲ್ಲಿ ಹವ್ಯಾಸಿಗಳ ಪ್ರತಿ ಗುಂಪಿನ ಹಿಂದೆ ನಿಲ್ಲಲು ರೆಫರಿ ಇರುವುದಿಲ್ಲ; ತನ್ನ ಮೇಲೆ ತಾನೇ ದಂಡ ಹಾಕಿಕೊಳ್ಳಬೇಕೆಂದು ನಿಯಮಪುಸ್ತಕವೇ ಹೇಳುತ್ತದೆ. 1925ರ ಯು.ಎಸ್. ಓಪನ್‌ನಲ್ಲಿ ಬಾಬಿ ಜೋನ್ಸ್ ಚೆಂಡು ಅಲುಗಿತೆಂದು ತಾನೇ ದಂಡ ಹಾಕಿಕೊಂಡ, ಕೊನೆಗೆ ಪ್ಲೇಆಫ್‌ನಲ್ಲಿ ಸೋತ. ಜೋನ್ಸ್ ಜೀವನವಿಡೀ ಹವ್ಯಾಸಿಯಾಗಿಯೇ ಸ್ಪರ್ಧಿಸಿದವನು.

ಹಾಗೆಂದು ಅರಿವಿನ ಕೊರತೆ ಚಿಕ್ಕದೇನಲ್ಲ. ಹೈದರಾಬಾದಿನ ನೆಲವೇ ಪ್ರಶ್ನೆಗಳನ್ನು ಎಸೆಯುತ್ತದೆ. ಹೈದರಾಬಾದ್ ಗಾಲ್ಫ್ ಕ್ಲಬ್‌ನ ಮೈದಾನ ಗೋಲ್ಕೊಂಡದ ನಯಾ ಕಿಲಾದಲ್ಲಿದೆ. 17ನೇ ಶತಮಾನದ ಕುತುಬ್‌ಶಾಹಿ ಗೋಡೆಗಳು, 'ಹಾತಿಯಾಂ ಕಾ ಝಾಡ್' ಎಂದು ಕರೆಯುವ ಭಾರೀ ಬಾವೊಬಾಬ್ ಮರ ಇರುವ ಜಾಗ. ಗಚ್ಚಿಬೌಲಿಯ ಮೈದಾನದ ಹೆಸರೇ ಬೌಲ್ಡರ್ ಹಿಲ್ಸ್. ಚೆಂಡು ಕಲ್ಲುಗೋಡೆಯ ಬುಡದಲ್ಲಿ ನಿಂತಿತು. ಪಕ್ಕದಲ್ಲೇ ಬಂಡೆಯೂ ಇದೆ. ಎರಡೂ ಕಲ್ಲೇ, ಆದರೆ ನಿಯಮ ಬೇರೆಬೇರೆ. ಗೋಡೆ ಮನುಷ್ಯ ಕಟ್ಟಿದ್ದು. ಸ್ಥಳೀಯ ನಿಯಮ ಅದನ್ನು ಗಡಿ ಎಂದೋ ಮೈದಾನದ ಅವಿಭಾಜ್ಯ ಭಾಗವೆಂದೋ ಸಾರಿರದಿದ್ದರೆ, ನಿಲ್ಲಲು ಅಥವಾ ಕ್ಲಬ್ ಬೀಸಲು ಅಡ್ಡಿಯಾದಾಗ ದಂಡವಿಲ್ಲದೆ ಚೆಂಡನ್ನು ಬೇರೆಡೆ ಇಳಿಸಿಕೊಳ್ಳಬಹುದು. ಗುರಿಗೆ ಅಡ್ಡ ನಿಂತಿದೆ ಎಂಬ ಕಾರಣಕ್ಕೆ ಮಾತ್ರ ಆ ಸೌಲಭ್ಯ ಇಲ್ಲ. ಇಲ್ಲಿ ಜನ ಹೆಚ್ಚಾಗಿ ಎಡವುತ್ತಾರೆ. ಬಂಡೆ ನಿಸರ್ಗದ್ದು. ನೆಲದಲ್ಲಿ ಹೂತಿದ್ದರೆ ಇದ್ದಂತೆ ಆಡಬೇಕು, ಇಲ್ಲವೇ ಒಂದು ಹೊಡೆತದ ದಂಡ ತೆತ್ತು 'ಆಡಲಾಗದ ಚೆಂಡು' ಎಂದು ಸಾರಬೇಕು. ಹೂತಿರದಿದ್ದರೆ ಎಷ್ಟೇ ದೊಡ್ಡದಿರಲಿ, ಸರಿಸಬಹುದು. 1999ರ ಫೀನಿಕ್ಸ್ ಓಪನ್‌ನಲ್ಲಿ ಟೈಗರ್ ವುಡ್ಸ್ ಮುಂದಿದ್ದ ಬಂಡೆಯನ್ನು ಪ್ರೇಕ್ಷಕರೇ ಕೈಹಾಕಿ ಉರುಳಿಸಿದರು, ಅದು ನಿಯಮಬದ್ಧವೆಂದೇ ತೀರ್ಪಾಯಿತು. ದಖ್ಖನ್ನಿನ ನಮ್ಮ ಬಂಡೆಗಳಲ್ಲಿ ಬಹುಪಾಲು ಬೇರುಬಿಟ್ಟಂತೆ ಕೂತಿರುವುದರಿಂದ ಆ ಭಾಗ್ಯ ಅಪರೂಪ. ನಿಂತ ಚೆಂಡನ್ನು ನಾಯಿ ಕಚ್ಚಿಕೊಂಡು ಹೋದರೆ ಮೊದಲಿದ್ದ ಜಾಗದಲ್ಲಿ ದಂಡವಿಲ್ಲದೆ ಇಟ್ಟು ಆಡಬಹುದು. ಇದು ಗೊತ್ತಿಲ್ಲದೆ ಚೆಂಡು ಕಳೆದುಹೋಯಿತೆಂದು ತಮಗೆ ತಾವೇ ಶಿಕ್ಷೆ ಕೊಟ್ಟುಕೊಳ್ಳುವವರೂ ಇದ್ದಾರೆ. ನಿಯಮ ಅರಿಯದವನು ಮಾಡುವ ನಷ್ಟ ಬಹಳ ಸಲ ಅವನದೇ.

ಪೊದೆಯತ್ತ ಹಾರಿದ ಚೆಂಡಿನ ವಿಚಾರವೂ ಹಾಗೆಯೇ. 2019ರಿಂದ ಹುಡುಕಲು ಇರುವುದು ಮೂರೇ ನಿಮಿಷ, ಮೊದಲು ಐದಿತ್ತು. ಮುನ್ನೆಚ್ಚರಿಕೆಗೆ ಇನ್ನೊಂದು ಚೆಂಡು ಹೊಡೆಯುವಾಗ ಅದು 'ಪ್ರಾವಿಜನಲ್' ಎಂದು ಸ್ಪಷ್ಟವಾಗಿ ಹೇಳಬೇಕು. 'ಇನ್ನೊಂದು ಹೊಡೀತೀನಿ' ಅಂದರೆ ಸಾಲದು. ಹಾಗಂದು ಹೊಡೆದ ಕ್ಷಣದಿಂದ ಎರಡನೆಯದೇ ಆಟದ ಚೆಂಡು, ಮೊದಲನೆಯದು ಫೇರ್‌ವೇ ಮಧ್ಯದಲ್ಲಿ ಸಿಕ್ಕರೂ ಪ್ರಯೋಜನವಿಲ್ಲ.

ನನಗೆ ಹೆಚ್ಚು ನೋವು ತರುವುದು ಆಟಗಾರರ ಚೀಲ ಹೊತ್ತು ನೆರವಾಗುವ ಕ್ಯಾಡಿಗಳ ಸಂಗತಿ. ಗ್ರೀನ್ ಮೇಲೆ ಯಜಮಾನರ ಬೆನ್ನಿಗೆ ಸರಿಯಾಗಿ ನಿಂತು 'ಥೋಡಾ ಲೆಫ್ಟ್ ಸಾಬ್' ಎಂದು ದಿಕ್ಕು ತೋರಿಸುವುದು ಅವರ ಅಭ್ಯಾಸ. ಆಟಗಾರ ಹೊಡೆಯುವ ನಿಲುವು ತೆಗೆದುಕೊಳ್ಳುವಾಗ ಕ್ಯಾಡಿ ಹಾಗೆ ಚೆಂಡಿನ ಹಿಂದಿನ ಗೆರೆಯಲ್ಲಿ ನಿಲ್ಲುವುದನ್ನು 2019ರಿಂದ ನಿಷೇಧಿಸಲಾಗಿದೆ. ಆಟಗಾರ ಹಿಂದೆ ಸರಿದು, ಕ್ಯಾಡಿ ಬದಿಗೆ ಹೋದ ಮೇಲೆ ಮತ್ತೆ ನಿಂತರೆ ದಂಡ ತಪ್ಪುತ್ತದೆ. ಇದನ್ನು ಆ ಹುಡುಗನಿಗೆ ಹೇಳಿದವರು ಯಾರು? ಹುಲ್ಲಿನಲ್ಲಿ ಹುದುಗಿದ ಚೆಂಡನ್ನು ಕಾಲಿನಿಂದ ಮೆಲ್ಲಗೆ ಮೇಲೆ ತರುವವನೂ ಸೇವೆ ಮಾಡುತ್ತಿದ್ದೇನೆಂದೇ ನಂಬಿರುತ್ತಾನೆ. ಅವನ ದಿನದ ಗಳಿಕೆ ಆಟಗಾರನ ಮುಖದ ಸಂತೋಷದ ಮೇಲೆ ನಿಂತಿದೆ. ಕ್ಯಾಡಿಯ ತಪ್ಪಿನ ದಂಡವನ್ನು ನಿಯಮ ಆಟಗಾರನ ಲೆಕ್ಕಕ್ಕೇ ಬರೆಯುತ್ತದೆ, ಅದು ನ್ಯಾಯ. ಆದರೆ ಸಿಕ್ಕಿಬಿದ್ದಾಗ ಬೈಗುಳ ತಿನ್ನುವವನು ಕ್ಯಾಡಿ, ಅದು ಅನ್ಯಾಯ. ಆಟ ಶುರುವಾಗುವ ಮುಂಚೆಯೇ 'ನನ್ನ ಚೆಂಡನ್ನು ಮುಟ್ಟಬೇಡಪ್ಪ' ಎಂದು ಹೇಳುವುದು ಆಟಗಾರನ ಹೊಣೆ.

ವಾರಾಂತ್ಯದ ಮೋಜಿಗೆ ಇಷ್ಟು ಕಟ್ಟುನಿಟ್ಟು ಬೇಕೇ ಎಂದು ಕೇಳುವವರಿದ್ದಾರೆ. ಮೋಜಿಗಾದರೆ ಬೇಡ, ಅಂದು ಸ್ಪರ್ಧೆ ಎನ್ನದಿದ್ದರಾಯಿತು. ಸ್ಪರ್ಧೆ ಎಂದ ಮೇಲೆ ಆ ಅಂಕ ಆಟಗಾರನ ಸಾಮರ್ಥ್ಯದ ಅಳತೆಯಾದ ಹ್ಯಾಂಡಿಕ್ಯಾಪ್‌ಗೂ ಹೋಗುತ್ತದೆ. ಬಿಟ್ಟುಕೊಟ್ಟ ಹೊಡೆತಗಳಿಂದ ಹ್ಯಾಂಡಿಕ್ಯಾಪ್ ಇಳಿಸಿಕೊಂಡವನು ಮುಂದಿನ ಸ್ಪರ್ಧೆಗಳಲ್ಲಿ ತನ್ನ ಶಕ್ತಿ ಮೀರಿದ ಗುರಿ ಹೊತ್ತು ಸೋಲುತ್ತಲೇ ಇರುತ್ತಾನೆ. ದಾಕ್ಷಿಣ್ಯ ಅವನಿಗೂ ಒಳ್ಳೆಯದು ಮಾಡಲಿಲ್ಲ. ಕಾರ್ಡಿಗೆ ಸಹಿ ಹಾಕುವ ಮುನ್ನ ಕುಳಿ ಕುಳಿಯ ಲೆಕ್ಕವನ್ನು ಮಾರ್ಕರ್ ಜೊತೆ ಗಟ್ಟಿಯಾಗಿ ಓದಿಕೊಳ್ಳುವುದಕ್ಕೆ ಎರಡು ನಿಮಿಷ ಸಾಕು. 1968ರ ಮಾಸ್ಟರ್ಸ್‌ನಲ್ಲಿ ರಾಬರ್ಟೊ ಡಿ ವಿಚೆಂಜೊ 17ನೇ ಕುಳಿಯಲ್ಲಿ ಮೂರಕ್ಕೆ ಮುಗಿಸಿದ್ದನ್ನು ಮಾರ್ಕರ್ ನಾಲ್ಕೆಂದು ಬರೆದಿದ್ದ. ನೋಡದೆ ಸಹಿ ಹಾಕಿದ್ದರಿಂದ ಒಂದು ಹೊಡೆತ ಹೆಚ್ಚಾಗಿ, ಪ್ಲೇಆಫ್ ಆಡುವ ಅವಕಾಶವೇ ಕೈತಪ್ಪಿತು.

ಆಟದ ನಡುವೆ ಅನುಮಾನ ಬಂದರೆ ಜಗಳವೂ ಬೇಡ, ಮೌನವೂ ಬೇಡ. ಸ್ಟ್ರೋಕ್ ಪ್ಲೇಯಲ್ಲಿ ಎರಡು ಚೆಂಡು ಆಡುತ್ತೇನೆಂದು, ಯಾವುದು ಲೆಕ್ಕಕ್ಕೆ ಬರಬೇಕೆಂದು ಮೊದಲೇ ಹೇಳಿ, ಆ ಕುಳಿಯನ್ನು ಎರಡರಲ್ಲೂ ಮುಗಿಸಿ, ಕಾರ್ಡ್ ಕೊಡುವ ಮುಂಚೆ ಸಮಿತಿಗೆ ತಿಳಿಸಬಹುದು. ಕಿರಿಯ ಮಾರ್ಕರ್‌ಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ: ಹಿರಿಯರನ್ನು ತಪ್ಪಿತಸ್ಥರೆನ್ನದೆ 'ಸಮಿತಿಯನ್ನೇ ಕೇಳೋಣ ಸರ್' ಎನ್ನಬಹುದು. ಕ್ಲಬ್ಬುಗಳನ್ನು ನಾನು ಕೇಳಿಕೊಳ್ಳುವುದು ಇಷ್ಟು. ಸ್ಪರ್ಧೆಯ ಹಿಂದಿನ ಸಂಜೆ ಅರ್ಧ ಗಂಟೆ ಮಾಡಿಕೊಂಡು ಸ್ಥಳೀಯ ನಿಯಮಗಳನ್ನು ಓದಿ ಹೇಳಿ; ತೆಲುಗಿನಲ್ಲಿ, ದಖ್ಖನಿಯಲ್ಲಿ ಹೇಳಿ; ಆಟಗಾರರ ಜೊತೆಗೆ ಕ್ಯಾಡಿಗಳನ್ನೂ ಕುರ್ಚಿ ಹಾಕಿ ಕೂರಿಸಿ.