ಮೂವತ್ತಕ್ಕೇ ಮುಗಿಯುವ ವೃತ್ತಿ

ಮಗನು ಆಟದಲ್ಲಿ ಮುಂದಿದ್ದಾನೆಂದು ಹೆತ್ತವರು ಹಿಗ್ಗುವುದು ಅವನು ಏಳನೆಯ ಎಂಟನೆಯ ತರಗತಿಯಲ್ಲಿರುವವರೆಗೆ ಮಾತ್ರ. ಹತ್ತನೆಯ ತರಗತಿ ಹತ್ತಿರವಾದಂತೆ ಅದೇ ಚೆಂಡು ಮನೆಯಲ್ಲಿ ಜಗಳದ ಮೂಲವಾಗುತ್ತದೆ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕಾರ್ಖಾನೆಗಳನ್ನು ಮಡಿಲಲ್ಲಿಟ್ಟುಕೊಂಡ ನಮ್ಮ ಆನೇಕಲ್ ಸೀಮೆಯಲ್ಲಂತೂ ಸಂಬಳವೆಂಬುದು ಕಣ್ಣೆದುರೇ ನಿಂತಿರುವಾಗ, “ಆಟದಿಂದ ಹೊಟ್ಟೆ ತುಂಬೀತೇ?” ಎಂಬ ತಂದೆಯ ಪ್ರಶ್ನೆಯನ್ನು ತಪ್ಪೆನ್ನಲು ನಮಗೆ ಮನಸ್ಸು ಬಾರದು. ಆದರೆ ಆ ಪ್ರಶ್ನೆಗೆ ಉತ್ತರವನ್ನು ಸಿಟ್ಟಿನಲ್ಲಿ ಹುಡುಕದೆ ವಿಚಾರದಲ್ಲಿ ಹುಡುಕಬೇಕೆಂಬುದು ನಮ್ಮ ವಿನಂತಿ.

ಫುಟ್‌ಬಾಲನ್ನು ಪ್ರಾಣಕ್ಕಿಂತ ಮಿಗಿಲಾಗಿ ಕಾಣುವ ಇಟಲಿಯಲ್ಲಿಯೂ ಎಲ್ಲ ಆಟಗಾರರೂ ಸಿರಿವಂತರಲ್ಲ. ಅಲ್ಲಿಯ ಮೂರನೆಯ ದರ್ಜೆಯಾದ ‘ಸೆರಿ ಸಿ’ಯಲ್ಲಿ ಮೂರು ಗುಂಪುಗಳಾಗಿ 60 ತಂಡಗಳು ಆಡುತ್ತವೆ. ಅದಕ್ಕೂ ಕೆಳಗಿನ ‘ಸೆರಿ ಡಿ’ಗೆ ಹವ್ಯಾಸಿಗಳ ದರ್ಜೆಯೆಂದೇ ಹೆಸರು. ಈ ದರ್ಜೆಗಳ ಆಟಗಾರನು ಚಿಕ್ಕ ಚಿಕ್ಕ ಕರಾರುಗಳನ್ನು ನಂಬಿ ಊರಿಂದೂರಿಗೆ ಗಂಟುಮೂಟೆ ಕಟ್ಟುತ್ತಲೇ ಇರಬೇಕಾಗುತ್ತದೆ. ಅವನು ಮಧ್ಯರಂಗದ ಆಟಗಾರನಾದರೆ ಹೆಸರೂ ದೊರೆಯುವುದು ಕಷ್ಟ. ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ಒಪ್ಪಿಸುವುದು ಅವನ ಕೆಲಸ. ಗೋಲು ಹೊಡೆದವನಿಗೆ ಹಾರ, ತಡೆದವನಿಗೆ ಚಪ್ಪಾಳೆ, ನಡುವೆ ಓಡಿದವನಿಗೆ ಬರಿಯ ಬೆವರು.

ದೂರದ ಮಾತೇಕೆ? ನಮ್ಮ ಬೆಂಗಳೂರೇ ಕಂಡ ಶ್ರೇಷ್ಠ ಮಧ್ಯರಂಗದ ಆಟಗಾರ ಕಾರ್ಲ್‌ಟನ್ ಚಾಪ್‌ಮನ್ ಅವರ ಬಾಳನ್ನೇ ನೋಡೋಣ. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1993ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡಕ್ಕೆ ಬಂದ ವರ್ಷವೇ ಇರಾಕಿನ ಅಲ್ ಜವ್ರಾ ತಂಡದ ಮೇಲೆ ಮೂರು ಗೋಲು ಹೊಡೆದರು. ಆ ಪಂದ್ಯವನ್ನು ಈಸ್ಟ್ ಬೆಂಗಾಲ್ 6–2ರಿಂದ ಗೆದ್ದಿತು. ಮುಂದೆ ಪಂಜಾಬಿನ ಜೆ.ಸಿ.ಟಿ. ತಂಡದೊಡನೆ 1996–97ರ ಮೊತ್ತಮೊದಲ ರಾಷ್ಟ್ರೀಯ ಲೀಗನ್ನು ಗೆದ್ದರು. ಕೊಚ್ಚಿಯ ತಂಡವೊಂದರಲ್ಲಿ ಆಡಿ ಈಸ್ಟ್ ಬೆಂಗಾಲ್‌ಗೆ ಮರಳಿ, 2001ರಲ್ಲಿ ನಾಯಕರಾಗಿ ಮತ್ತೊಮ್ಮೆ ಲೀಗ್ ಗೆದ್ದುಕೊಟ್ಟರು. ಭಾರತದ ತಂಡಕ್ಕೂ ನಾಯಕರಾಗಿದ್ದರು. ಅದೇ 2001ರಲ್ಲಿ ಆಟದಿಂದ ನಿವೃತ್ತರಾದರು. ಆಗ ಅವರಿಗೆ ವಯಸ್ಸು ಮೂವತ್ತು!

ಓದುಗರು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಬೇರೆ ಉದ್ಯೋಗಗಳಲ್ಲಿ ಮನುಷ್ಯನು ಕೈಪಳಗಿ ನೆಲೆ ನಿಲ್ಲುವ ವಯಸ್ಸಿನಲ್ಲಿ ಆಟಗಾರನ ವೃತ್ತಿ ಮುಗಿದುಹೋಗಿರುತ್ತದೆ. ಚಾಪ್‌ಮನ್ ಕೈಕಟ್ಟಿ ಕೂರಲಿಲ್ಲ. ತಾವು ಕಲಿತ ಟಾಟಾ ಅಕಾಡೆಮಿಯಲ್ಲಿಯೇ ತರಬೇತುದಾರರಾದರು. ಅನಂತರ ಷಿಲ್ಲಾಂಗ್, ಕಲ್ಕತ್ತೆ, ಬೆಂಗಳೂರುಗಳ ತಂಡಗಳಿಗೆ ಕಲಿಸಿ, ಕೊನೆಗೆ ಕೋಳಿಕೋಡಿನ ಅಕಾಡೆಮಿಯೊಂದರಲ್ಲಿ ಮಕ್ಕಳಿಗೆ ಆಟ ಹೇಳಿಕೊಟ್ಟರು. 2020ರ ಅಕ್ಟೋಬರ್ 12ರಂದು, ನಲವತ್ತೊಂಬತ್ತರ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಕೀರ್ತಿ ತಂದ ಜೆ.ಸಿ.ಟಿ. ತಂಡವು 2011ರಲ್ಲಿಯೇ ಮುಚ್ಚಿಹೋಗಿತ್ತು. ದೇಶಕ್ಕೆ ನಾಯಕನಾದವನ ಪಾಡೇ ಹೀಗಿರುವಾಗ, ಕೆಳಗಿನ ದರ್ಜೆಗಳಲ್ಲಿ ಆಡುವವರ ಪಾಡೇನು?

ಹಿಂದಿನವರಿಗೆ ಒಂದು ಆಸರೆಯಿತ್ತು. ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟುತ್ತಿದ್ದವು. ಕಾಲು ಸೋತರೂ ಸಂಬಳ ಸೋಲುತ್ತಿರಲಿಲ್ಲ. 2013ರಲ್ಲಿ ಬೆಂಗಳೂರು ಎಫ್.ಸಿ.ಯಂತಹ ಪೂರ್ಣ ವೃತ್ತಿಪರ ತಂಡ ಹುಟ್ಟಿತು. ಮೊದಲ ವರ್ಷವೇ ರಾಷ್ಟ್ರದ ಪ್ರಶಸ್ತಿಯನ್ನೂ ಗೆದ್ದಿತು. ಈ ವ್ಯವಸ್ಥೆಯಲ್ಲಿ ಸಂಭಾವನೆ ಹೆಚ್ಚಿರಬಹುದು, ಆದರೆ ಕರಾರು ಮುಗಿದ ಮರುದಿನದ ಹೊಣೆ ಆಟಗಾರನದೇ, ಅಂದರೆ ಅವನ ಮನೆಯವರದೇ.

ಹಾಗಾದರೆ ಮಕ್ಕಳ ಆಟ ಬಿಡಿಸಬೇಕೆ? ಖಂಡಿತ ಬೇಡ. 2023ರ ಮಾರ್ಚ್ 4ರಂದು ದೂರದ ರಿಯಾದ್ ನಗರದಲ್ಲಿ ಕರ್ನಾಟಕದ ತಂಡವು ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯದ ಹೆಸರಿನಲ್ಲಿ 1968–69ರಲ್ಲಿ ಗೆದ್ದ ಮೇಲೆ ಐವತ್ತನಾಲ್ಕು ವರ್ಷ ಕಾಯ್ದು ದೊರೆತ ಗೆಲುವು ಅದು. ಎಲ್ಲ ತಂದೆತಾಯಿಗಳೂ ಚೆಂಡನ್ನು ಅಟ್ಟಕ್ಕೇರಿಸಿದ್ದರೆ ಆ ದಿನ ಬರುತ್ತಿತ್ತೆ?

ನಾವು ಹೇಳಬಯಸುವುದಿಷ್ಟೆ. ಆಡುವ ಮಗನಿಗೆ, ಮಗಳಿಗೆ ಆಟವೂ ಇರಲಿ, ಪುಸ್ತಕವೂ ಇರಲಿ. ಡಿಪ್ಲೊಮವೋ ಪದವಿಯೋ ಒಂದು ಕೈಯಲ್ಲಿರಲಿ. ತರಬೇತುದಾರರ ಪರವಾನಗಿಯ ಪರೀಕ್ಷೆಗಳಿವೆ; ಆಡುತ್ತಿರುವಾಗಲೇ ಅವುಗಳ ಕಡೆಗೂ ಲಕ್ಷ್ಯವಿರಲಿ. ದುಡಿದ ಹಣದಲ್ಲಿ ಒಂದು ಪಾಲು ಮೂವತ್ತರಾಚೆಗೆಂದು ಎತ್ತಿಡಲಿ. ಮಧ್ಯರಂಗದವನ ಜಾಣತನವಿರುವುದು ಚೆಂಡು ಕಾಲಿಗೆ ಬರುವ ಮೊದಲೇ ಅದನ್ನು ಎಲ್ಲಿಗೆ ಕಳಿಸಬೇಕೆಂದು ನೋಡಿಕೊಳ್ಳುವುದರಲ್ಲಿ. ಬಾಳಿನ ಅಂಗಳದಲ್ಲಿ ಮಕ್ಕಳ ಪರವಾಗಿ ಆ ನೋಟವನ್ನು ಹೆತ್ತವರು ಇಟ್ಟುಕೊಂಡಿರಬೇಕು.