ಸೂರಿನ ನೀರಿಗೆ ದಾರಿ ಕೊಡಿ, ಕೆಸರಿಗೆ ಮಣ್ಣು ಸುರಿಯಬೇಡಿ

ಅರಸೀಕೆರೆ ತಾಲ್ಲೂಕಿನ ಜಾವಗಲ್ ಹೋಬಳಿಯ ಯಾವ ಊರಿಗಾದರೂ ಹೋಗಿ, ಎರಡು ಹದ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ದನದ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿ. ಹಗ್ಗ ಬಿಚ್ಚಿದ ಸೀಮೆಹಸು ಹೊಸ್ತಿಲ ಬಳಿ ಒಂದು ಗಳಿಗೆ ತಡೆಯುತ್ತದೆ. ಮುಂಗಾಲು ಇಟ್ಟರೆ ಗೊರಸು ಪೂರ್ತಿ ರೊಚ್ಚಿನಲ್ಲಿ ಮುಳುಗುತ್ತದೆ. ಕಾಲು ಕಿತ್ತ ಗುಂಡಿಗೆ ಗಂಜಲ ಬೆರೆತ ಕಪ್ಪು ನೀರು ತುಂಬಿಕೊಳ್ಳುತ್ತದೆ. ಹಿಂದೆ ಬರುವ ಕಡಸೂ ಅದೇ ಗುಂಡಿಗೆ ಕಾಲಿಡುತ್ತದೆ. ಸಂಜೆಯ ಹೊತ್ತಿಗೆ ಬಾಗಿಲ ಮುಂದಿನ ಹತ್ತಡಿ ಜಾಗ ನಾಟಿಗೆ ಹದ ಮಾಡಿದ ಗದ್ದೆಯಂತಾಗಿರುತ್ತದೆ.

ಇದು ಮಲೆನಾಡಲ್ಲ, ಮಳೆಗಾಗಿ ಮುಗಿಲು ನೋಡುವ ಸೀಮೆ. ಅರಸೀಕೆರೆ ತಾಲ್ಲೂಕಿನಲ್ಲಿ ಮಳೆ ಬಂದದ್ದೇ ಹೆಚ್ಚು ಎಂದುಕೊಳ್ಳುವ ರೈತರಿಗೆ ಕೆಸರಿನ ಬಗ್ಗೆ ದೂರುವುದೇ ತಪ್ಪೆನಿಸುತ್ತದೆ. 'ನಾಲ್ಕು ದಿನ ಬಿಸಿಲು ಬಿದ್ದರೆ ಒಣಗುತ್ತೆ ಬಿಡಿ' ಎಂಬುದು ಎಲ್ಲರ ಮಾತು. ಆದರೆ ಆ ನಾಲ್ಕು ದಿನದಲ್ಲಿ ಆಗುವ ನಷ್ಟ ಕೊಟ್ಟಿಗೆಯ ಒಳಕ್ಕೂ ಹಾಲಿನ ಕ್ಯಾನಿಗೂ ಬರುತ್ತದೆ.

ಸದಾ ನೆನೆದ ಗೊರಸು ಮೆತ್ತಗಾಗುತ್ತದೆ. ಗೊರಸಿನ ಸಂದಿಯ ಚರ್ಮ ಬಿರಿದು, ಕೊಳೆತು, ಹಸು ಕುಂಟತೊಡಗುತ್ತದೆ. ಕುಂಟುವ ಹಸು ಮೇವಿನ ಬಳಿ ನಿಲ್ಲುವುದು ಕಡಿಮೆ, ಹಾಲೂ ಕಡಿಮೆ. ಇನ್ನೊಂದು ಅಪಾಯ ಕೆಚ್ಚಲಿನದು. ಹಾಲು ಕರೆದ ಮೇಲೆ ಸುಮಾರು ಅರ್ಧ ಗಂಟೆ ಮೊಲೆತೊಟ್ಟಿನ ರಂಧ್ರ ಪೂರ್ತಿ ಮುಚ್ಚಿಕೊಂಡಿರುವುದಿಲ್ಲ. ಆ ಹೊತ್ತಿನಲ್ಲಿ ಹಸು ಸಗಣಿ ಕೆಸರಿನಲ್ಲಿ ಮಲಗಿದರೆ ರೋಗಾಣುಗಳು ನೇರ ಒಳಹೊಕ್ಕು ಕೆಚ್ಚಲು ಬಾವು ತರುತ್ತವೆ. ಕರೆದ ಕೂಡಲೇ ಮೇವು ಹಾಕಿ ಹಸುವನ್ನು ನಿಲ್ಲಿಸಿಕೊಳ್ಳಿ ಎಂದು ಪಶುವೈದ್ಯರು ಹೇಳುವುದು ಇದಕ್ಕೇ. ಡೇರಿಯಲ್ಲಿ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ ಹಾಲಿಗೆ ಬೆಲೆ ಕಟ್ಟುತ್ತಾರೆ. ಬಾವು ಬಂದ ಕೆಚ್ಚಲಿನ ಹಾಲು ಆ ಪರೀಕ್ಷೆಯವರೆಗೂ ಹೋಗುವಂತಿಲ್ಲ, ಅದನ್ನು ಚೆಲ್ಲದೆ ದಾರಿಯಿಲ್ಲ.

ಕುದುರೆಗೂ ಇದೇ ಪಾಡು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಕುದುರೆ ಸವಾರರ ಸಾಲೇ ಇದೆ. ಇಂದು ಈ ಕಡೆ ಕುದುರೆಗಳು ವಿರಳ. ಕೆಸರಲ್ಲಿ ನಿಂತ ಕುದುರೆಯ ಗೊರಸಿನ ಅಡಿಭಾಗ ಕಪ್ಪಾಗಿ ಕೊಳೆತು ದುರ್ವಾಸನೆ ಬರುತ್ತದೆ, ಕಾಲಿನ ಚರ್ಮ ಹಕ್ಕಳೆಗಟ್ಟುತ್ತದೆ. ಅಮೆರಿಕ, ಇಂಗ್ಲೆಂಡಿನ ಹಲವು ಕುದುರೆ ಸಾಕಣೆದಾರರು ನೆಲ ನೆನೆದಿರುವ ದಿನಗಳಲ್ಲಿ ಹುಲ್ಲುಗಾವಲಿಗೆ ಬೇಲಿ ಹಾಕಿ, ಜಲ್ಲಿ ಹಾಸಿದ ಒಂದು ಸಣ್ಣ ಅಂಗಳದಲ್ಲಿ ಮಾತ್ರ ಕುದುರೆಗಳನ್ನು ಬಿಡುತ್ತಾರೆ. ತುಳಿತವೆಲ್ಲ ಆ ಅಂಗಳಕ್ಕೆ, ಉಳಿದ ನೆಲಕ್ಕೆ ಬಿಡುವು.

ಇಷ್ಟು ಕೆಸರು ಬರುವುದಾದರೂ ಎಲ್ಲಿಂದ? ಇಪ್ಪತ್ತಡಿ ಉದ್ದ, ಹದಿನೈದಡಿ ಅಗಲದ ತಗಡಿನ ಚಾವಣಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಹರಿದು ಇಳಿಯುವ ನೀರು ಸುಮಾರು 700 ಲೀಟರ್. ಒಪ್ಪಾರದ ಸೂರಾದರೆ ಅಷ್ಟೂ ನೀರು ಒಂದೇ ಗೆರೆಯಲ್ಲಿ ಸುರಿಯುತ್ತದೆ. ಎಷ್ಟೋ ಕೊಟ್ಟಿಗೆಗಳಲ್ಲಿ ಆ ಗೆರೆ ಬೀಳುವುದು ದನ ಓಡಾಡುವ ಬಾಗಿಲ ಮುಂದೆಯೇ. ಅದಕ್ಕೆ ಒಂದೊಂದು ದೊಡ್ಡ ಹಸು ದಿನಕ್ಕೆ ಹಾಕುವ ಹದಿನೈದು ಇಪ್ಪತ್ತು ಕೆಜಿ ಸಗಣಿ ಸೇರುತ್ತದೆ. ನೀರನ್ನು ಹಿಡಿದಿಟ್ಟುಕೊಂಡು ಮಣ್ಣನ್ನು ರೊಚ್ಚು ಮಾಡುವುದು ಆ ಸಗಣಿ.

ಇದಕ್ಕೆ ಊರಿನವರು ಮಾಡುವ ಮದ್ದು ಎರಡು. ಒಂದು, ಟ್ರ್ಯಾಕ್ಟರಿನಲ್ಲಿ ಕೆಮ್ಮಣ್ಣು ತಂದು ಸುರಿಯುವುದು. ಇನ್ನೊಂದು, ತೆಂಗಿನ ಮಟ್ಟೆ ಹಾಸುವುದು. ಎರಡೂ ಕೈಗೆ ಸುಲಭವಾಗಿ ಸಿಗುತ್ತವೆ, ಎರಡೂ ತಪ್ಪು. ಮಣ್ಣು ಮುಂದಿನ ಮಳೆಗೆ ಕೆಸರೇ ಆಗುತ್ತದೆ. ಮಟ್ಟೆಯ ಗುಣ ತೆಂಗು ಬೆಳೆಯುವ ಅರಸೀಕೆರೆಯವರಿಗೆ ಹೇಳಿಕೊಡಬೇಕಿಲ್ಲ. ತೋಟದಲ್ಲಿ ಗುಂಡಿ ತೆಗೆದು ಅದನ್ನು ಹೂಳುವುದೇ ತೇವ ಹಿಡಿದಿಡಲೆಂದು. ಬುಡಕ್ಕೆ ಬೇಕಾದ ಆ ಗುಣ ಬಾಗಿಲಿಗೆ ಬೇಡ. ಮೊದಲ ವಾರ ಕಾಲಿಗೆ ಹಿತವೆನಿಸಿದ ಮಟ್ಟೆ ಕೊಳೆತ ಮೇಲೆ ರೊಚ್ಚಿನ ಆಳ ಹೆಚ್ಚಿಸುತ್ತದೆ.

ಸರಿಯಾದ ಕೆಲಸ ಮೇಲಿನಿಂದ ಶುರುವಾಗಬೇಕು. ಮೊದಲು ಸೂರಿಗೆ ದೋಣಿ ಕಟ್ಟಿ, ಪೈಪಿನಲ್ಲಿ ನೀರನ್ನು ತೋಟಕ್ಕೋ ತೊಟ್ಟಿಗೋ ಬಿಡಬೇಕು. ನೀರಿಗೆ ಬರವಿರುವ ಸೀಮೆಯಲ್ಲಿ ಆ 700 ಲೀಟರ್ ಲಾಭವೇ. ಆಮೇಲೆ ಮೇಲ್ಗಡೆಯಿಂದ ಹರಿದು ಬರುವ ನೀರಿಗೆ ಅಡ್ಡಲಾಗಿ ಒಂದು ಕಾಲುವೆ ತೆಗೆಯಬೇಕು. ರೊಚ್ಚನ್ನು ಗಟ್ಟಿನೆಲ ಸಿಗುವವರೆಗೆ ಕೆರೆದು ತಿಪ್ಪೆಗೆ ಹಾಕಬೇಕು. ನೆಲಕ್ಕೆ ಹತ್ತಡಿಗೆ ಎರಡೂವರೆ ಇಂಚಿನಷ್ಟು ಇಳಿಜಾರು ಕೊಟ್ಟು, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅದರ ಮೇಲೆ ಆರು ಇಂಚು ದಪ್ಪ ಜಲ್ಲಿ, ಕೊನೆಗೆ ಎರಡು ಮೂರು ಇಂಚು ಕ್ರಷರ್ ಪುಡಿ ಹಾಕಿ ದಮ್ಮಸು ಮಾಡಬೇಕು. ಬಟ್ಟೆ ಇಲ್ಲದಿದ್ದರೆ ಜಲ್ಲಿ ಕ್ರಮೇಣ ಮಣ್ಣಿನೊಳಗೆ ಇಳಿದುಹೋಗುತ್ತದೆ. ಪುಡಿ ಇಲ್ಲದಿದ್ದರೆ ಚೂಪುಕಲ್ಲು ಗೊರಸಿಗೆ ಚುಚ್ಚುತ್ತದೆ. ಹತ್ತಡಿ ಚದರದ ಬಾಗಿಲಿಗೆ ಬೇಕಾಗುವುದು ಅರ್ಧ ಯೂನಿಟ್, ಅಂದರೆ ಐವತ್ತು ಘನ ಅಡಿ ಜಲ್ಲಿ. ಬಾಗಿಲು, ಬಾನಿಯ ಸುತ್ತ, ಮೇವು ಹಾಕುವ ಜಾಗ, ಈ ಮೂರು ಕಡೆ ಮಾಡಿದರೆ ಸಾಕು.

ಮನೆಯ ಕೆಲಸ ರೈತರದು. ಊರಿನ ಕೆಲಸ ಪಂಚಾಯ್ತಿಯದು. ಉದ್ಯೋಗ ಖಾತ್ರಿಯ ಹಣದಲ್ಲಿ ಹಳ್ಳಿಗಳಲ್ಲಿ ಕೊಟ್ಟಿಗೆಗಳು ಎದ್ದಿವೆ, ದನಗಳಿಗೆ ನೀರಿನ ತೊಟ್ಟಿಗಳನ್ನು ಕಟ್ಟಲಾಗಿದೆ. ತೊಟ್ಟಿ ಕಟ್ಟಿದವರು ಅದರ ಸುತ್ತಲಿನ ನೆಲವನ್ನು ಮಾತ್ರ ಮರೆತಿದ್ದಾರೆ. ಉಕ್ಕಿದ ನೀರು ಅಲ್ಲೇ ನಿಂತು, ಊರಿನ ದನವೆಲ್ಲ ಅದನ್ನೇ ತುಳಿದು, ಒಂದು ಹಟ್ಟಿಯ ಗೊರಸಿನ ರೋಗ ಇನ್ನೊಂದು ಹಟ್ಟಿಗೆ ದಾಟಲು ಅದೇ ದಾರಿಯಾಗುತ್ತದೆ. ತೊಟ್ಟಿಯ ಅಂದಾಜು ಪಟ್ಟಿಯಲ್ಲೇ ಸುತ್ತ ಆರಡಿ ಕಲ್ಲುಹಾಸು, ಉಕ್ಕಿದ ನೀರಿಗೊಂದು ಚರಂಡಿ ಸೇರಬೇಕು. ಇವಿಲ್ಲದ ತೊಟ್ಟಿಯ ಕೆಲಸ ಮುಗಿದಿದೆ ಎಂದು ಎಂಜಿನಿಯರು ಸಹಿ ಹಾಕಬಾರದು. ಹಾಲಿನ ಡೇರಿಗಳ ಮುಂದೆಯೂ ಇದೇ ಏರ್ಪಾಡು ಬೇಕು.

ಜಾವಗಲ್ ಸುತ್ತಿನ ಪಂಚಾಯ್ತಿ ಸದಸ್ಯರು ಮುಂದಿನ ಗ್ರಾಮಸಭೆಗೆ ಬರುವ ಮುನ್ನ ತಮ್ಮ ಊರಿನ ದನದ ತೊಟ್ಟಿಯ ಬಳಿ ಒಮ್ಮೆ ಹೋಗಿ ಬರಲಿ. ಅಲ್ಲಿ ಎಷ್ಟು ಆಳಕ್ಕೆ ಕಾಲು ಇಳಿಯಿತೆಂದು ಸಭೆಯಲ್ಲಿ ಹೇಳಿ, ಕಲ್ಲುಹಾಸನ್ನು ಈ ವರ್ಷದ ಕ್ರಿಯಾಯೋಜನೆಗೆ ಬರೆಸಲಿ.